ಟ್ರಯಲ್‌ಗೆ ಬಂದ ಹುಡುಗನಿಗೆ ನಿಜಕ್ಕೂ ಎಷ್ಟು ವಯಸ್ಸು?

1996ರ ನವೆಂಬರ್. ಇಂಗ್ಲೆಂಡಿನ ಸೌತಾಂಪ್ಟನ್ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಗ್ರೇಮ್ ಸೂನೆಸ್‌ಗೆ ಒಂದು ಫೋನ್ ಬಂತು. ಮಾತಾಡಿದವನು ತಾನು ಜಾರ್ಜ್ ವೇಯಾ ಎಂದು ಹೇಳಿಕೊಂಡ. ವೇಯಾ ಅಂದರೆ ಹಿಂದಿನ ವರ್ಷವಷ್ಟೇ ಫಿಫಾ ವಿಶ್ವದ ಶ್ರೇಷ್ಠ ಆಟಗಾರ ಅಂತ ಆರಿಸಿದ್ದ ಲೈಬೀರಿಯಾದ ಸ್ಟ್ರೈಕರ್. ಅಲಿ ದಿಯಾ ಅಂತ ತನ್ನ ಕಸಿನ್ ಒಬ್ಬನಿದ್ದಾನೆ, ಚೆನ್ನಾಗಿ ಆಡುತ್ತಾನೆ, ಒಂದು ಅವಕಾಶ ಕೊಡಿ ಎಂದು ಶಿಫಾರಸು. ಫೋನ್ ಮಾಡಿದ್ದು ವೇಯಾ ಅಲ್ಲವೇ ಅಲ್ಲ ಎಂದು ಗೊತ್ತಾಗುವ ಹೊತ್ತಿಗೆ ದಿಯಾಗೆ ಒಂದು ತಿಂಗಳ ಕರಾರು ಸಿಕ್ಕಾಗಿತ್ತು.

ಮೊದಲು ರಿಸರ್ವ್ ತಂಡದಲ್ಲಿ, ಅಂದರೆ ಕ್ಲಬ್ಬಿನ ಎರಡನೇ ತಂಡದಲ್ಲಿ, ಆಡಿಸಿ ನೋಡೋಣ ಎಂದುಕೊಂಡಿದ್ದರು. ಎದುರಾಳಿ ಆರ್ಸೆನಲ್‌ನ ರಿಸರ್ವ್ ತಂಡ. ಆದರೆ ಮೈದಾನದಲ್ಲಿ ನೀರು ನಿಂತು ಪಂದ್ಯ ರದ್ದಾಯಿತು. ನವೆಂಬರ್ 23ರಂದು ಲೀಡ್ಸ್ ವಿರುದ್ಧ ಪ್ರೀಮಿಯರ್ ಲೀಗ್ ಪಂದ್ಯ. 32ನೇ ನಿಮಿಷದಲ್ಲಿ ಸ್ಟಾರ್ ಆಟಗಾರ ಮ್ಯಾಟ್ ಲೆ ಟಿಸಿಯೇಗೆ ಗಾಯ. ಬೆಂಚಿನಲ್ಲಿದ್ದ ದಿಯಾ ಒಳಗೆ ಹೋದ. ಎಲ್ಲಿ ನಿಲ್ಲಬೇಕು, ಯಾವ ಕಡೆ ಓಡಬೇಕು ಎಂಬುದೇ ತಿಳಿಯದವನ ಹಾಗೆ 53 ನಿಮಿಷ ಓಡಾಡಿದ. ಕೊನೆಗೆ ಬದಲಿಯಾಗಿ ಬಂದವನನ್ನೇ ಬದಲಿಸಿ ಕೂರಿಸಬೇಕಾಯಿತು.

ಈ ಕತೆಯನ್ನು ಎಲ್ಲರೂ ನಗಲಿಕ್ಕೆ ಹೇಳುತ್ತಾರೆ. ನನಗೆ ಇದರಲ್ಲಿ ಮುಖ್ಯ ಅನಿಸುವುದು ಆ ನೀರು ನಿಂತ ಮೈದಾನ. ರಿಸರ್ವ್ ಪಂದ್ಯ ನಡೆದಿದ್ದರೆ ದಿಯಾನ ಬಣ್ಣ ಅಲ್ಲೇ ಬಯಲಾಗುತ್ತಿತ್ತು. ಅವನ ಹೆಸರು ಇವತ್ತು ಯಾರಿಗೂ ನೆನಪಿರುತ್ತಿರಲಿಲ್ಲ.

ರಿಸರ್ವ್ ಫುಟ್‌ಬಾಲ್ ಹುಟ್ಟಿದ್ದೇ ಇಂಥ ಕೆಲಸಗಳಿಗಾಗಿ. ಉತ್ತರ ಇಂಗ್ಲೆಂಡಿನ ಸೆಂಟ್ರಲ್ ಲೀಗ್ ಶುರುವಾಗಿದ್ದು 1911ರಲ್ಲಿ. ಒಂದೇ ತಂಡದಲ್ಲಿ ಗಾಯ ವಾಸಿ ಮಾಡಿಕೊಂಡು ಬಂದ 32ರ ಹಿರಿಯ, ಅಕಾಡೆಮಿಯಿಂದ ಮೇಲೆ ಬಂದ 18ರ ಹುಡುಗ, ಟ್ರಯಲ್‌ಗೆ ಬಂದ ಅಪರಿಚಿತ, ಎಲ್ಲರೂ ಇರುತ್ತಿದ್ದರು. ಬೇರೆ ಕ್ಲಬ್ಬುಗಳಿಗೆ ಸುಳಿವು ಸಿಗಬಾರದಲ್ವಾ? ಅದಕ್ಕೇ ಅಪರಿಚಿತನ ಹೆಸರಿನ ಜಾಗದಲ್ಲಿ ಸುಮ್ನೆ ‘ಟ್ರಯಲಿಸ್ಟ್’ ಅಂತ ಬರೆದುಬಿಡುತ್ತಾರೆ. ಸ್ಕಾಟ್ಲೆಂಡಿನ ಕೆಳ ಡಿವಿಜನ್‌ಗಳಲ್ಲಂತೂ ಲೀಗ್ ಪಂದ್ಯದಲ್ಲೇ ಇಂಥವರನ್ನು ಆಡಿಸಿದ್ದುಂಟು. ಪಟ್ಟಿಯಲ್ಲಿ ‘ಎ. ಟ್ರಯಲಿಸ್ಟ್’. ಆ ದೇಶದಲ್ಲಿ ಅತಿ ಹೆಚ್ಚು ಕ್ಲಬ್ಬುಗಳಿಗೆ ಆಡಿದವನು ಇವನೇ ಇರಬೇಕು.

ಆದರೆ ಒಂದು ಟ್ರಯಲ್ ಪಂದ್ಯ ಏನನ್ನು ಅಳೆಯುತ್ತದೆ? ಪೂರ್ತಿ 90 ನಿಮಿಷ ಆಡಿದರೂ ಒಬ್ಬನ ಕಾಲಿಗೆ ಚೆಂಡು ಸಿಗುವುದು ಒಟ್ಟು ಹೆಚ್ಚೆಂದರೆ ಎರಡು ಮೂರು ನಿಮಿಷ. ಟ್ರಯಲ್‌ನಲ್ಲಿ ಅರ್ಧ ಪಂದ್ಯ ಆಡಿಸಿದರೆ ಇನ್ನೂ ಕಡಿಮೆ. ಆ ಒಂದು ನಿಮಿಷದಲ್ಲಿ ಎರಡು ಪಾಸ್ ಕೆಟ್ಟರೆ ಹುಡುಗ ಮನೆಗೆ. ಎರಡೂ ಸರಿಹೋದರೆ ಮುಂದಿನ ವಾರ ಮತ್ತೆ ಬಾ. ದಿಯಾನಂಥ ಪೂರ್ತಿ ಬೋಗಸ್ಸನ್ನು ಹಿಡಿಯಲು ಇಷ್ಟು ಸಾಕು. ಒಳ್ಳೆಯವನು ಯಾರು, ತುಂಬಾ ಒಳ್ಳೆಯವನು ಯಾರು ಎಂದು ಬೇರ್ಪಡಿಸಲು ಸಾಲದು. ಅದಕ್ಕೆ ತಿಂಗಳುಗಟ್ಟಲೆ, ಪಂದ್ಯದ ಮೇಲೆ ಪಂದ್ಯ ನೋಡಬೇಕು.

ಇದು ದೊಡ್ಡವರ ವಿಷಯ. 25ರ ಆಟಗಾರ ಇವತ್ತು ಹೇಗಿದ್ದಾನೋ ನಾಳೆಯೂ ಸುಮಾರು ಹಾಗೇ ಇರುತ್ತಾನೆ. 12ರ ಹುಡುಗನ ಕತೆಯೇ ಬೇರೆ. ಅವನಲ್ಲಿ ನೋಡಬೇಕಾದದ್ದು ಇವತ್ತಿನ ಆಟವಲ್ಲ, ಇನ್ನು ಹತ್ತು ವರ್ಷದ ನಂತರದ ಆಟ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂದು ನಾವು ಹೇಳಿಕೊಂಡು ಬಂದಿದ್ದೇವೆ. ಫುಟ್‌ಬಾಲ್ ಅಕಾಡೆಮಿಗಳ ಲೆಕ್ಕ ತೆಗೆದು ನೋಡಿದರೆ ಮೊಳಕೆಯಲ್ಲಿ ಕಂಡದ್ದು ಎಷ್ಟೋ ಸಲ ಸಿರಿಯಲ್ಲ, ಹುಟ್ಟಿದ ತಿಂಗಳು.

ಇಂಗ್ಲೆಂಡಿನಲ್ಲಿ ವಯೋಮಿತಿಯ ಗೆರೆ ಸೆಪ್ಟೆಂಬರ್ 1. ಆ ತಿಂಗಳ ಮೊದಲ ವಾರ ಹುಟ್ಟಿದವನೂ ಮುಂದಿನ ಆಗಸ್ಟ್ ಕೊನೆಯಲ್ಲಿ ಹುಟ್ಟಿದವನೂ ಒಂದೇ ಗುಂಪು. ಎಂಟು ವರ್ಷದ ಮಕ್ಕಳಲ್ಲಿ ಒಂದು ವರ್ಷದ ಅಂತರ ಅಂದರೆ ಬದುಕಿನ ಎಂಟನೇ ಒಂದು ಭಾಗ. ಅಕಾಡೆಮಿಗಳ ಪಟ್ಟಿಯಲ್ಲಿ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಮಕ್ಕಳು ಜಾಸ್ತಿ. ಜೂನ್, ಜುಲೈ, ಆಗಸ್ಟ್ ಮಕ್ಕಳು ವಿರಳ. ಇದನ್ನು ಮೊದಲು ಗುರುತಿಸಿದ್ದು ಫುಟ್‌ಬಾಲ್‌ನಲ್ಲಿ ಅಲ್ಲ, ಕೆನಡಾದ ಐಸ್ ಹಾಕಿಯಲ್ಲಿ, 1980ರ ದಶಕದ ಮಧ್ಯದಲ್ಲಿ. ಆಮೇಲೆ ಹುಡುಕಿದಲ್ಲೆಲ್ಲ ಸಿಕ್ಕಿತು.

ಸೆಪ್ಟೆಂಬರ್‌ನಲ್ಲಿ ಹುಟ್ಟಿದವರು ನಿಜವಾಗಲೂ ಚೆನ್ನಾಗಿ ಆಡುತ್ತಾರೇನೋ ಅಂತ ಯಾರಾದರೂ ಕೇಳಬಹುದು. ಇದಕ್ಕೆ ಬೆಲ್ಜಿಯಂನಲ್ಲಿ ತಾನಾಗಿಯೇ ಒಂದು ಪ್ರಯೋಗ ನಡೆದುಹೋಯಿತು. ಅಲ್ಲಿ ಗೆರೆ ಆಗಸ್ಟ್ 1ಕ್ಕೆ ಇತ್ತು. 1997ರಲ್ಲಿ ಜನವರಿ 1ಕ್ಕೆ ಬದಲಾಯಿಸಿದರು. ನೋಡನೋಡುತ್ತಿದ್ದಂತೆ ಆಗಸ್ಟ್ ಮಕ್ಕಳ ‘ಪ್ರತಿಭೆ’ ಇಳಿದು ಜನವರಿ, ಫೆಬ್ರವರಿ ಮಕ್ಕಳ ‘ಪ್ರತಿಭೆ’ ಏರಿತು. ದೇಶ ಅದೇ, ಆಟವೂ ಅದೇ. ಬದಲಾಗಿದ್ದು ಕ್ಯಾಲೆಂಡರಿನಲ್ಲಿ ಒಂದು ಗೆರೆ.

ಹಾಗಾದರೆ ಪ್ರತಿಭೆ ಹುಡುಕುವ ಸ್ಕೌಟ್‌ಗಳಿಗೆ ಹುಟ್ಟಿದ ದಿನಾಂಕ ಹೇಳಿಬಿಟ್ಟರೆ ಆಯಿತಲ್ಲ? ನೆದರ್‌ಲೆಂಡ್ಸ್‌ನಲ್ಲಿ ಇದನ್ನೂ ಮಾಡಿ ನೋಡಿದ್ದಾರೆ. 2017ರಲ್ಲಿ ಪ್ರಕಟವಾದ ಅಧ್ಯಯನ ಅದು. ಚಿಕ್ಕ ಹುಡುಗರ ಪಂದ್ಯ ತೋರಿಸಿ, ಯಾರಲ್ಲಿ ಪ್ರತಿಭೆ ಇದೆ ಎಂದು ಸ್ಕೌಟ್‌ಗಳನ್ನು ಕೇಳಿದರು. ಮೊದಲ ಗುಂಪಿಗೆ ವಯಸ್ಸಿನ ಸುದ್ದಿಯೇ ಇಲ್ಲ. ಅವರು ದೊಡ್ಡ ಮಕ್ಕಳನ್ನೇ ಆರಿಸಿದರು. ಎರಡನೇ ಗುಂಪಿನ ಕೈಗೆ ಹುಟ್ಟಿದ ದಿನಾಂಕಗಳ ಪಟ್ಟಿ ಕೊಟ್ಟರು. ಅವರೂ ದೊಡ್ಡ ಮಕ್ಕಳನ್ನೇ ಆರಿಸಿದರು! ಮೂರನೇ ಗುಂಪಿಗೆ ತೋರಿಸಿದ ಆಟದಲ್ಲಿ ಜೆರ್ಸಿ ನಂಬರ್‌ಗಳೇ ವಯಸ್ಸಿನ ಕ್ರಮದಲ್ಲಿದ್ದವು. ಯಾರು ದೊಡ್ಡವನು, ಯಾರು ಚಿಕ್ಕವನು ಎಂಬುದು ಬೆನ್ನ ಮೇಲೇ ಬರೆದಿತ್ತು. ಆಗ ಮಾತ್ರ ಪಕ್ಷಪಾತ ಮಾಯವಾಯಿತು. ಕಾಗದದಲ್ಲಿ ಓದಿದ್ದು ಓಟ ನೋಡುವಾಗ ಮರೆತುಹೋಗುತ್ತದೆ ಅನ್ನಿಸುತ್ತದೆ. ಇಷ್ಟು ಅಗ್ಗದ ಪರಿಹಾರ ಕ್ರೀಡೆಯಲ್ಲಿ ಇನ್ನೊಂದಿಲ್ಲ. ಹಾಗಿದ್ದೂ ಇದನ್ನು ಬಳಸುವವರು ಕಡಿಮೆ.

ಹುಟ್ಟಿದ ತಿಂಗಳ ತೊಂದರೆ ಎಂಟು ಒಂಬತ್ತರ ವಯಸ್ಸಿನಲ್ಲೇ ಶುರು. ಹನ್ನೊಂದು ಹನ್ನೆರಡಾಗುವಾಗ ಇದಕ್ಕಿಂತ ದೊಡ್ಡದೊಂದು ಬಂದು ಸೇರಿಕೊಳ್ಳುತ್ತದೆ. ಅದು ಪ್ರಾಯಕ್ಕೆ ಬರುವ ವೇಗ. ಬಾಲ್ಯದಲ್ಲಿ ಹುಡುಗರು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಆಮೇಲೆ ಒಂದು ಹಂತದಲ್ಲಿ ವರ್ಷಕ್ಕೆ ಒಂಬತ್ತು ಹತ್ತು ಸೆಂಟಿಮೀಟರ್ ಏರುತ್ತಾರೆ. ಸರಾಸರಿಯಲ್ಲಿ ಇದು 14ರ ಆಸುಪಾಸು. ಆದರೆ ಕೆಲವರಿಗೆ 12ಕ್ಕೇ ಬರುತ್ತದೆ, ಕೆಲವರಿಗೆ 16ರ ಹತ್ತಿರ. ಒಂದೇ ತಿಂಗಳಲ್ಲಿ ಹುಟ್ಟಿದವರಲ್ಲೂ ಈ ವ್ಯತ್ಯಾಸ ಇರುತ್ತದೆ. ಒಂದೇ ವಯಸ್ಸಿನ ಗುಂಪಿನ ಮೂಳೆಗಳನ್ನು ಎಕ್ಸ್‌ರೇ ತೆಗೆದು ನೋಡಿದರೆ ಐದಾರು ವರ್ಷದ ಅಂತರ ಕಂಡದ್ದೂ ಇದೆ.

ಬೆಳವಣಿಗೆಯ ಕ್ರಮವೂ ವಿಚಿತ್ರ. ಮೊದಲು ಪಾದ, ಆಮೇಲೆ ಕಾಲು, ಕೊನೆಗೆ ಮುಂಡ. ಶೂ ಸೈಜ್ ಎರಡು ಸಲ ಬದಲಾದ ಮೇಲೆ ಪ್ಯಾಂಟ್ ಗಿಡ್ಡ ಆಗುವುದನ್ನು ಅಮ್ಮಂದಿರು ವಿಜ್ಞಾನಿಗಳಿಗಿಂತ ಮುಂಚೆ ಗಮನಿಸಿದ್ದಾರೆ. ಕಾಲು ಉದ್ದವಾಯಿತು, ಆದರೆ ಅದನ್ನು ಆಡಿಸುವ ಸ್ನಾಯುವಿನ ಬಲ ಬರುವುದು ಕೆಲವು ತಿಂಗಳು ತಡ. ಈ ನಡುವಿನ ಸಮಯದಲ್ಲಿ ಹುಡುಗ ಎಡವುತ್ತಾನೆ. ನಿನ್ನೆ ಸರಿಯಾಗಿ ನಿಲ್ಲಿಸುತ್ತಿದ್ದ ಚೆಂಡು ಇವತ್ತು ಪುಟಿದು ಹೋಗುತ್ತದೆ. ಮಂಡಿಚಿಪ್ಪಿನ ಕೆಳಗೆ, ಹಿಮ್ಮಡಿಯಲ್ಲಿ ನೋವು. ಅಲ್ಲೆಲ್ಲ ಮೂಳೆಯ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ. ಅದರ ಮೇಲೆ ಸ್ನಾಯುರಜ್ಜು ಎಳೆಯುತ್ತಿರುತ್ತದೆ. ಇದೇ ತಿಂಗಳಲ್ಲಿ ಟ್ರಯಲ್ ಬಂದರೆ ಆ ಹುಡುಗನ ಗ್ರಹಚಾರ.

ಯಾರು ಬೆಳವಣಿಗೆಯ ಯಾವ ಹಂತದಲ್ಲಿದ್ದಾರೆ ಎಂದು ತಿಳಿಯಲು ಈಗ ಎಕ್ಸ್‌ರೇ ಬೇಕೇ ಬೇಕು ಎಂದೇನಿಲ್ಲ. 1994ರಲ್ಲಿ ಕಾಮಿಸ್ ಮತ್ತು ರೋಶ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಒಂದು ಲೆಕ್ಕ ಕೊಟ್ಟರು. ಹುಡುಗನ ವಯಸ್ಸು, ಎತ್ತರ, ತೂಕ, ಅಪ್ಪ ಅಮ್ಮನ ಎತ್ತರದ ಸರಾಸರಿ. ಇಷ್ಟು ಹಾಕಿದರೆ ಅವನು ದೊಡ್ಡವನಾದಾಗ ಎಷ್ಟು ಎತ್ತರ ಇರುತ್ತಾನೆ ಎಂಬ ಅಂದಾಜು ಸಿಗುತ್ತದೆ. ಕೆಲವು ಸೆಂಟಿಮೀಟರ್ ಹೆಚ್ಚುಕಡಿಮೆ ಆಗಬಹುದು. ತಮ್ಮ ಎತ್ತರ ಕೇಳಿದರೆ ಜನ ಸ್ವಲ್ಪ ಸೇರಿಸಿಯೇ ಹೇಳುತ್ತಾರೆ, ಅದಕ್ಕೂ ಒಂದಿಷ್ಟು ಕಳೆದು ಸರಿಮಾಡಿಕೊಳ್ಳುವ ಪದ್ಧತಿ ಇದೆ!

ಈಗ 150 ಸೆಂಟಿಮೀಟರ್ ಎತ್ತರದ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸೋಣ. ಇಬ್ಬರಿಗೂ 12 ವರ್ಷ. ಒಬ್ಬ ಕೊನೆಗೆ 165 ಮುಟ್ಟುವವನು, ಇನ್ನೊಬ್ಬ 185. ಅಂದರೆ ಮೊದಲನೆಯವನ ಬೆಳವಣಿಗೆ ನೂರಕ್ಕೆ 91 ಮುಗಿದಿದೆ. ಅವನ ಮೈಯಲ್ಲಿ ಆಗಲೇ ಟೆಸ್ಟೋಸ್ಟೆರಾನ್ ಕೆಲಸ ಶುರುಮಾಡಿದೆ, ತೊಡೆಗೆ ಬಲ ಬಂದಿದೆ. ಎರಡನೆಯವನದು 81 ಅಷ್ಟೇ. ಸ್ಕೌಟ್ ಕಣ್ಣಿಗೆ ಇಬ್ಬರದೂ ಒಂದೇ ಎತ್ತರ, ಒಂದೇ ವಯಸ್ಸು. ಓಟದಲ್ಲಿ ಮೊದಲನೆಯವನು ಮುಂದೆ. ಸಹಜವಾಗಿ ಅವನಿಗೇ ಟಿಕ್.

ಈ ನೂರಕ್ಕೆ ಎಷ್ಟು ಎಂಬ ಲೆಕ್ಕ ಹಿಡಿದು ತಂಡ ಕಟ್ಟುವುದಕ್ಕೆ ಬಯೋ-ಬ್ಯಾಂಡಿಂಗ್ ಎನ್ನುತ್ತಾರೆ. ಬಾತ್ ವಿಶ್ವವಿದ್ಯಾಲಯದ ಶಾನ್ ಕಮಿಂಗ್ ಮತ್ತು ಸಂಗಡಿಗರು ಪ್ರೀಮಿಯರ್ ಲೀಗ್ ಜೊತೆ ಸೇರಿ ಇಂಥ ಒಂದು ಟೂರ್ನಿಯನ್ನು ಅಧ್ಯಯನ ಮಾಡಿದರು. ನಾಲ್ಕು ಕ್ಲಬ್ಬು, 11ರಿಂದ 14 ವರ್ಷದ 66 ಹುಡುಗರು, ಎಲ್ಲರೂ ತಮ್ಮ ಕೊನೆಯ ಎತ್ತರದ ನೂರಕ್ಕೆ 85ರಿಂದ 90ರೊಳಗೆ. ಬೇಗ ಬೆಳೆದ ಹುಡುಗರಿಗೆ ಅಲ್ಲಿ ಭುಜ ಕೊಟ್ಟು ಗೆಲ್ಲುವ ದಾರಿ ಮುಚ್ಚಿತು. ಬೇಗ ಪಾಸ್ ಮಾಡಬೇಕಾಯಿತು, ತಲೆ ಓಡಿಸಬೇಕಾಯಿತು. ಕಷ್ಟವಾಯಿತು, ಆದರೆ ಕಲಿತೆವು ಎಂದರು. ತಡವಾಗಿ ಬೆಳೆಯುವವರಿಗೆ ತಮ್ಮ ಆಟ ತೋರಿಸಲು, ತಂಡವನ್ನು ಮುನ್ನಡೆಸಲು ಅವಕಾಶ ಸಿಕ್ಕಿತು. ನನ್ನ ಮಟ್ಟಿಗೆ ಇದರಲ್ಲಿ ಹೆಚ್ಚು ಲಾಭ ದೊಡ್ಡ ಮೈಯ ಹುಡುಗನಿಗೇ. 13ರಲ್ಲಿ ಬರೀ ಓಟದಿಂದ ಗೆದ್ದವನು 18ರಲ್ಲಿ ಎಲ್ಲರೂ ಅವನಷ್ಟೇ ಓಡುವಾಗ ಏನು ಮಾಡಬೇಕು?

ಬೆಲ್ಜಿಯಂ ಮತ್ತೊಂದು ದಾರಿ ಹಿಡಿಯಿತು. ಕಿರಿಯರ ರಾಷ್ಟ್ರೀಯ ತಂಡದ ಪಕ್ಕದಲ್ಲೇ ತಡವಾಗಿ ಬೆಳೆಯುವವರಿಗಾಗಿ ‘ಫ್ಯೂಚರ್ಸ್’ ಎಂಬ ಎರಡನೇ ತಂಡ ಕಟ್ಟಿತು. ಒಂದು ಅರ್ಥದಲ್ಲಿ ಇದೂ ರಿಸರ್ವ್ ತಂಡವೇ. ಹುಡುಗನನ್ನು ಬಿಟ್ಟುಕೊಡದೆ ಎರಡು ಮೂರು ವರ್ಷ ಕಾಯಲು ಒಂದು ಜಾಗ.

ಹ್ಯಾರಿ ಕೇನ್ ಹುಟ್ಟಿದ್ದು 1993ರ ಜುಲೈ 28. ಇಂಗ್ಲೆಂಡಿನ ಲೆಕ್ಕದಲ್ಲಿ ಗುಂಪಿನ ಬಾಲದ ತುದಿ. ಆರ್ಸೆನಲ್ ಅವನನ್ನು ಎಂಟನೇ ವಯಸ್ಸಿಗೇ ಬಿಟ್ಟಿತು. ವಾಟ್‌ಫರ್ಡ್‌ನಲ್ಲಿ ಸ್ವಲ್ಪ ದಿನ ಟ್ರಯಲ್ ಆಯಿತು. ಆಮೇಲೆ 11ಕ್ಕೆ ಟಾಟೆನ್‌ಹ್ಯಾಮ್. ಅಲ್ಲೂ ಅವನು ಎತ್ತರದವನೂ ಅಲ್ಲ, ವೇಗದವನೂ ಅಲ್ಲ. ಕ್ಲಬ್ಬು ಅವಸರ ಮಾಡಲಿಲ್ಲ. 2011ರಲ್ಲಿ ಲೇಟನ್ ಓರಿಯಂಟ್, ಆಮೇಲೆ ಮಿಲ್ವಾಲ್, ನಾರ್ವಿಚ್, ಲೆಸ್ಟರ್, ಹೀಗೆ ಸಾಲಾಗಿ ಬೇರೆ ಕ್ಲಬ್ಬುಗಳಿಗೆ ಲೋನ್ ಮೇಲೆ, ಅಂದರೆ ಎರವಲಾಗಿ, ಕಳಿಸಿತು. ಮುಂದೆ ಅವನು ಇಂಗ್ಲೆಂಡ್ ಪರ ಅತಿ ಹೆಚ್ಚು ಗೋಲು ಹೊಡೆದವನಾದ. ಒಬ್ಬನ ಕತೆಯಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಬಾಲದ ತುದಿಯಲ್ಲಿ ಹುಟ್ಟಿ ಬಿಡುಗಡೆಯಾಗಿ ಮತ್ತೆ ಮರಳದ ಹುಡುಗರ ಹೆಸರು ನಮಗೆ ಗೊತ್ತಿರುವುದಿಲ್ಲವಲ್ಲ.

ಲೋನ್ ಯಾಕೆ ಬೇಕು? ಕಿರಿಯರ ಜೊತೆಗಿನ ಆಟಕ್ಕೂ ಗಂಡಸರ ಜೊತೆಗಿನ ಆಟಕ್ಕೂ ನಡುವೆ ಕಂದಕವಿದೆ. ಇಂಗ್ಲೆಂಡ್ 2012ರಲ್ಲಿ ಹಳೆಯ ರಿಸರ್ವ್ ಲೀಗನ್ನು ತೆಗೆದು ವಯಸ್ಸಿನ ಮಿತಿಯ ಲೀಗ್ ಮಾಡಿತು. ಆಟ ಚಂದವಾಯಿತು, ಆದರೆ ಮೊಣಕೈ ತಿವಿದು ಪಾಠ ಕಲಿಸುವ ಹಿರಿಯರು ಬಹುತೇಕ ಮಾಯವಾದರು. ಸ್ಪೇನ್‌ನಲ್ಲಿ ಎರಡನೇ ತಂಡಗಳು ನೇರವಾಗಿ ಕೆಳ ಡಿವಿಜನ್‌ನ ಲೀಗಿನಲ್ಲೇ ಆಡುತ್ತವೆ. 1980ರಲ್ಲಿ ರಿಯಲ್ ಮ್ಯಾಡ್ರಿಡ್‌ನ ಎರಡನೇ ತಂಡ ಕ್ಯಾಸ್ಟಿಯಾ ಸ್ಪ್ಯಾನಿಷ್ ಕಪ್ ಫೈನಲ್‌ವರೆಗೆ ಬಂತು. ಎದುರಿಗೆ ಯಾರು ಅಂದುಕೊಂಡಿರಿ? ರಿಯಲ್ ಮ್ಯಾಡ್ರಿಡ್. ಕ್ಯಾಸ್ಟಿಯಾ 6–1ರಲ್ಲಿ ಸೋತಿತು.

ನಮ್ಮಲ್ಲಿ ಬೆಂಗಳೂರು ಎಫ್‌ಸಿಯ ರಿಸರ್ವ್ ತಂಡ ಬೆಂಗಳೂರು ಸೂಪರ್ ಡಿವಿಜನ್‌ನಲ್ಲಿ ದೊಡ್ಡವರ ಜೊತೆ ಆಡಿ ಪಳಗುತ್ತದೆ. 2022ರಲ್ಲಿ ಗೋವಾದಲ್ಲಿ ಶುರುವಾದ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗಿನ ಮೊದಲ ಪ್ರಶಸ್ತಿ ಗೆದ್ದದ್ದೂ ಅದೇ. ಅಲ್ಲಿ ಆಡಿದ ಶಿವಶಕ್ತಿ ನಾರಾಯಣನ್ ಮುಂದಿನ ಸೀಸನ್ನಿಗೇ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಗೋಲು ಹೊಡೆಯುತ್ತಿದ್ದ.

ಆದರೆ ಅದಕ್ಕಿಂತ ಕೆಳಗೆ, 12–13ರ ಮಟ್ಟದಲ್ಲಿ, ಭಾರತಕ್ಕೆ ಇನ್ನೊಂದು ತಲೆನೋವಿದೆ. ವಯಸ್ಸಿನ ಸುಳ್ಳು. ಹಾಗಾಗಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಆ ಪರೀಕ್ಷೆ ಹೇಳುವುದು ಮೂಳೆ ಎಷ್ಟು ಮಾಗಿದೆ ಎಂಬುದನ್ನು, ಹುಟ್ಟಿದ ದಿನವನ್ನಲ್ಲ. ಬೇಗ ಬೆಳೆದ ಪ್ರಾಮಾಣಿಕ ಹುಡುಗ ಅಲ್ಲಿ ಸುಳ್ಳನೆನಿಸಿಕೊಳ್ಳಬಹುದು. ತಡವಾಗಿ ಬೆಳೆಯುವವನು ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗಿ, ಮೈದಾನದಲ್ಲಿ ‘ಪೀಚು’ ಎಂದು ಫೇಲ್ ಆಗುತ್ತಾನೆ. ಅವನ ಫೈಲಿನಲ್ಲೇ ಇರುವ ಎಕ್ಸ್‌ರೇಯನ್ನು ಕೋಚ್‌ಗೆ ತೋರಿಸಿದರೆ ಇನ್ನೆರಡು ವರ್ಷ ಕಾಯೋಣ ಎನ್ನಬಹುದಿತ್ತು. ಇಲ್ಲಿ ಗೆರೆ ಜನವರಿ 1, ಹಾಗಾಗಿ ಡಿಸೆಂಬರ್‌ನಲ್ಲಿ ಹುಟ್ಟಿ ತಡವಾಗಿ ಬೆಳೆಯುವವನಿಗೆ ಎರಡೂ ಕಡೆಯಿಂದ ಪೆಟ್ಟು.

ಟ್ರಯಲ್ಸ್ ಫಾರ್ಮ್‌ನಲ್ಲಿ ಆಧಾರ್ ನಂಬರ್ ಕೇಳುತ್ತಾರೆ, ಜನನ ಪ್ರಮಾಣಪತ್ರ ಕೇಳುತ್ತಾರೆ, ಯಾವ ಪೊಸಿಷನ್, ಜೆರ್ಸಿ ಸೈಜ್ ಎಷ್ಟು ಎಂದೂ ಕೇಳುತ್ತಾರೆ. ಕಳೆದ ಆರು ತಿಂಗಳಲ್ಲಿ ಹುಡುಗ ಎಷ್ಟು ಸೆಂಟಿಮೀಟರ್ ಬೆಳೆದ, ಅಪ್ಪ ಅಮ್ಮನ ಎತ್ತರ ಎಷ್ಟು ಎಂದು ಕೇಳುವ ಫಾರ್ಮನ್ನು ನಾನಂತೂ ಇನ್ನೂ ನೋಡಿಲ್ಲ.