ಬೂಷ್ಟಿನ ಭಯ: ಕಥೆಯ ವಿಜ್ಞಾನಿಯಿಂದ ಮೆಕ್ಕೆಜೋಳದ ಕಣದವರೆಗೆ

ದಾವಣಗೆರೆ ಸೀಮೆಯ ಮೆಕ್ಕೆಜೋಳದ ಹೊಲಗಳಲ್ಲಿ ಜಿಟಿಜಿಟಿ ಮಳೆ ಕೆಲವು ದಿನ ಬಿಡದೆ ಹಿಡಿದ ಮೇಲೆ, ಎಲೆಗೆ ಅಂಟಿಕೊಂಡೇ ಸತ್ತು ಸೆಟೆದ ಹುಳುಗಳು ಕಾಣಸಿಗುತ್ತವೆ. ಮೊದಲು ಅವುಗಳ ಮೈಮೇಲೆ ಸುಣ್ಣ ಬಳಿದಂತೆ ಬಿಳಿ ಬೂಷ್ಟು ಹರಡುತ್ತದೆ, ಆಮೇಲೆ ಅದೇ ತಿಳಿಹಸಿರು ಪುಡಿಯಾಗುತ್ತದೆ. ಇಂತಹ ಹುಳುವನ್ನು ನೋಡಿ ‘ಇದೇ ಜೋಂಬಿ ರೋಗವಲ್ಲವೇ, ಮನುಷ್ಯರಿಗೂ ಬರುತ್ತದಂತಲ್ಲ’ ಎಂದು ಕೇಳುವ ಹುಡುಗರು ಈಗ ಹಳ್ಳಿಗಳಲ್ಲೂ ಇದ್ದಾರೆ. ಆ ಪ್ರಶ್ನೆಯ ಹಿಂದಿರುವುದು 2023ರಲ್ಲಿ ಪ್ರಸಾರವಾದ ‘ದಿ ಲಾಸ್ಟ್ ಆಫ್ ಅಸ್’ ಎಂಬ ಅಮೆರಿಕದ ಧಾರಾವಾಹಿಯ ಮೊದಲ ದೃಶ್ಯ; ಶಿಲೀಂಧ್ರ ತಗಲಿದ ಮನುಷ್ಯರು ಜೋಂಬಿಗಳಂತೆ, ಎಂದರೆ ಎದ್ದು ನಡೆಯುವ ಹೆಣಗಳಂತೆ, ಆಗುವುದು ಅದರ ಕಥೆ. 1968ರ ಟಿವಿ ಸಂದರ್ಶನವೆಂಬಂತೆ ಚಿತ್ರಿಸಿರುವ ಆ ದೃಶ್ಯದಲ್ಲಿ ಸಾಂಕ್ರಾಮಿಕ ರೋಗಗಳ ತಜ್ಞನೊಬ್ಬ, ವೈರಾಣುಗಳಿಗಿಂತ ಶಿಲೀಂಧ್ರಗಳೇ ತನ್ನನ್ನು ಹೆಚ್ಚು ಹೆದರಿಸುತ್ತವೆ ಎನ್ನುತ್ತಾನೆ. ಇರುವೆಯ ಮೈಹೊಕ್ಕು ಅದನ್ನು ಆಡಿಸುವ ಶಿಲೀಂಧ್ರಕ್ಕೆ ಮನುಷ್ಯನ ದೇಹದ ಬಿಸಿ ತಡೆಯಲಾಗುವುದಿಲ್ಲ, ಆದರೆ ಭೂಮಿ ಬಿಸಿಯಾಗುತ್ತ ಹೋದರೆ ಅದು ಆ ಬಿಸಿಗೂ ಒಗ್ಗಿಕೊಂಡೀತು ಎಂಬುದು ಅವನ ವಾದ. ಹಿಟ್ಟು, ಧಾನ್ಯಗಳ ಮೂಲಕ ರೋಗ ಹರಡಿತೆಂಬ ಸೂಚನೆಯೂ ಕಥೆಯಲ್ಲಿ ಬರುತ್ತದೆ. ಈ ವಿವರಣೆಯ ಒಂದೊಂದು ಎಳೆಯನ್ನೂ ಬಿಡಿಸಿ ನೋಡದಿದ್ದರೆ, ನಾವು ಹೆದರಬೇಕಾದ ಬೂಷ್ಟು ಯಾವುದು, ಹೆದರಬೇಕಿಲ್ಲದ ಬೂಷ್ಟು ಯಾವುದು ಎಂಬುದೇ ಕಲಸಿಹೋಗುತ್ತದೆ.

ಹೆಣ ಎದ್ದು ನಡೆಯುವ ಕಲ್ಪನೆ ನಮಗೆ ಹೊಸತಲ್ಲ. ಬೇತಾಳ ಹೆಣದೊಳಗೆ ಹೊಕ್ಕು ವಿಕ್ರಮನ ಹೆಗಲೇರಿದ ಕಥೆಯನ್ನು ಕೇಳಿಯೇ ಬೆಳೆದಿದ್ದೇವೆ, ಆದರೆ ಬೇತಾಳ ಒಬ್ಬರಿಂದೊಬ್ಬರಿಗೆ ಅಂಟುವಂಥದ್ದಲ್ಲ. ಜೋಂಬಿ ಎಂಬ ಮಾತು ಗುಲಾಮರ ಬೆವರಿನ ಮೇಲೆ ನಿಂತಿದ್ದ ಹೈಟಿಯ ಜನಪದ ನಂಬಿಕೆಯಿಂದ ಹೊರಟದ್ದು. ಸತ್ತ ಮೇಲೂ ದುಡಿಮೆಯಿಂದ ಬಿಡುಗಡೆ ಸಿಗದವನ ಚಿತ್ರ ಅದು. 1930ರ ದಶಕದ ಅಮೆರಿಕನ್ ಚಿತ್ರಗಳಲ್ಲಿ ಅದಕ್ಕೆ ಮಾಟಗಾರ ಕಾರಣನಾದರೆ, 1968ರ ಚಿತ್ರವೊಂದರಲ್ಲಿ ಶುಕ್ರಗ್ರಹದಿಂದ ಮರಳಿದ ನೌಕೆಯ ವಿಕಿರಣ, 1990ರ ದಶಕದ ವಿಡಿಯೋ ಗೇಮ್‌ಗಳಲ್ಲಿ ಪ್ರಯೋಗಾಲಯದ ವೈರಾಣು, 2013ರ ಗೇಮ್‌ ಒಂದರಲ್ಲಿ ಶಿಲೀಂಧ್ರ ಕಾರಣವಾಯಿತು. ಕಚ್ಚಿದರೆ ಅಂಟುತ್ತದೆ ಎಂಬ ಅಂಶ ಮಾತ್ರ ಹುಚ್ಚುನಾಯಿ ರೋಗವನ್ನೇ ನೆನಪಿಸುತ್ತದೆ.

ಶಿಲೀಂಧ್ರದ ವಿವರಣೆಗೆ ನಿಜವಾದ ಬೇರು ಇದೆ. ಉಷ್ಣವಲಯದ ಕಾಡುಗಳಲ್ಲಿ ಓಫಿಯೋಕಾರ್ಡಿಸೆಪ್ಸ್ ಎಂಬ ಶಿಲೀಂಧ್ರ ತಗಲಿದ ಇರುವೆ ತನ್ನ ಸಾಲು ಬಿಟ್ಟು ಗಿಡವೇರಿ, ಎಲೆಯ ನರವನ್ನು ಕಚ್ಚಿ ಹಿಡಿದು ಸಾಯುತ್ತದೆ. ಆಮೇಲೆ ಅದರ ತಲೆಯ ಹಿಂಭಾಗದಿಂದ ಕಾಂಡದಂತೆ ಬೆಳೆದ ಶಿಲೀಂಧ್ರ, ಕೆಳಗೆ ಓಡಾಡುವ ಇರುವೆಗಳ ದಾರಿಗೆ ಬೀಜಕಣಗಳನ್ನು ಉದುರಿಸುತ್ತದೆ. ಅದು ಮಿದುಳನ್ನು ಹೊಕ್ಕು ಆಳುತ್ತದೆಂಬ ಊಹೆ ಬಹುಕಾಲ ಇತ್ತು. 2017ರಲ್ಲಿ ಪ್ರಕಟವಾದ ಸೂಕ್ಷ್ಮದರ್ಶಕ ಅಧ್ಯಯನದಲ್ಲಿ ಕಂಡದ್ದು ಬೇರೆ: ಶಿಲೀಂಧ್ರ ಸ್ನಾಯುಗಳ ಸುತ್ತ ಬಲೆಯಂತೆ ಹೆಣೆದುಕೊಂಡಿತ್ತು, ಮಿದುಳಿನೊಳಗೆ ಮಾತ್ರ ಹೊಕ್ಕಿರಲಿಲ್ಲ. ಇಂತಹ ಶಿಲೀಂಧ್ರದ ಒಂದೊಂದು ಪ್ರಭೇದವೂ ಸಾಮಾನ್ಯವಾಗಿ ಒಂದೇ ಜಾತಿಯ ಇರುವೆಗೆ ಹೊಂದಿಕೊಂಡಿರುತ್ತದೆ. ಪಕ್ಕದ ಜಾತಿಯ ಇರುವೆಯನ್ನೇ ಆಡಿಸಲು ತಿಣುಕುವ ಜೀವಿ ಮನುಷ್ಯನ ನರಮಂಡಲವನ್ನು ಹಿಡಿಯಬೇಕಾದರೆ ತೊಡಕಾಗುವುದು ದೇಹದ ಬಿಸಿಯೊಂದೇ ಅಲ್ಲ.

ಬಿಸಿಯ ಮಾತು ಮಾತ್ರ ಪೂರ್ತಿ ಕಲ್ಪನೆಯಲ್ಲ. ಬಹುಪಾಲು ಶಿಲೀಂಧ್ರಗಳು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಯಲಾರವು. 2009ರಲ್ಲಿ ಜಪಾನಿನಲ್ಲಿ ಮೊದಲು ಗುರುತಿಸಲಾದ ಕ್ಯಾಂಡಿಡಾ ಆರಿಸ್ ಆ ಬಿಸಿಯಲ್ಲೂ ಬೆಳೆಯುತ್ತದೆ, ಹಲವು ಔಷಧಗಳಿಗೂ ಜಗ್ಗುವುದಿಲ್ಲ. ಅದರ ಹುಟ್ಟಿಗೆ ಭೂಮಿಯ ತಾಪ ಏರಿಕೆ ಕಾರಣವಿರಬಹುದೆಂದು ಕೆಲವು ವಿಜ್ಞಾನಿಗಳು ಶಂಕಿಸಿದ್ದಾರೆ. 2021ರ ಕೋವಿಡ್ ಅಲೆಯ ನಂತರ ಕಪ್ಪು ಶಿಲೀಂಧ್ರ ಎಂಬ ಹೆಸರಿನಲ್ಲಿ ಬಂದ ರೋಗ ನಮ್ಮ ಎಷ್ಟೋ ಮನೆಗಳಲ್ಲಿ ಕಣ್ಣು, ದವಡೆಗಳನ್ನು ಕಸಿದುಕೊಂಡಿತು. ಆದರೆ ಅದು ಒಬ್ಬರಿಂದೊಬ್ಬರಿಗೆ ಅಂಟಲಿಲ್ಲ; ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್ ಬಳಕೆ ಅದಕ್ಕೆ ಎಡೆ ಮಾಡಿಕೊಟ್ಟವು.

ಇನ್ನು ನಮ್ಮ ಹೊಲದ ಹುಳುವಿನ ಸಂಗತಿ. ಅಮೆರಿಕ ಖಂಡದ ಸೈನಿಕ ಹುಳು 2016ರಲ್ಲಿ ಆಫ್ರಿಕಾಕ್ಕೆ ಕಾಲಿಟ್ಟು, 2018ರಲ್ಲಿ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಅದು ಮೊದಲು ವರದಿಯಾದದ್ದೇ ಆಗ. ಸುಳಿಯೊಳಗೆ ಅಡಗಿ ಎಲೆ ತಿಂದು ಲದ್ದಿ ತುಂಬುವ ಈ ಹುಳುವಿನ ಬೆನ್ನಿಗೇ, ನಮ್ಮ ನೆಲದಲ್ಲಿ ಮೊದಲಿನಿಂದಲೂ ಇದ್ದ ನೊಮುರಿಯಾ ರಿಲೈ ಎಂಬ ಶಿಲೀಂಧ್ರ ಅದನ್ನು ಕೊಲ್ಲುತ್ತಿರುವುದೂ ಗೊತ್ತಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದಕ್ಕೂ ಮೊದಲೇ ಸೋಯಾ ಅವರೆಯ ಹುಳುಗಳ ಮೇಲೆ ಇದೇ ಶಿಲೀಂಧ್ರವನ್ನು ಬಳಸಿ ನೋಡಿತ್ತು. ಬೀಜಕಣ ಹುಳುವಿನ ಚರ್ಮ ಕೊರೆದು ಒಳಸೇರಿ, ಒಳಗೆಲ್ಲ ಹಬ್ಬಿ, ಕೊನೆಗೆ ಹೊರಕ್ಕೆ ಹಸಿರಾಗಿ ಒಡೆಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗಲೇ ಅದರ ಆಟ ನಡೆಯುವುದು. ಭಯದಿಂದ ಕಿತ್ತು ಸುಡುವ ಆ ಒಂದು ಹುಳು ಪಕ್ಕದ ಹತ್ತಾರು ಹುಳುಗಳಿಗೆ ರೋಗ ಹಚ್ಚಬೇಕಾಗಿದ್ದ ಹುಳು. ಅದನ್ನು ಹೊಲದಲ್ಲೇ ಬಿಡುವುದು ಒಳ್ಳೆಯದು ಎಂಬ ಮಾತು, ಔಷಧಿ ಹೊಡೆಯುವ ಸಲಹೆಯಷ್ಟು ಬೇಗ ಹೊಲದ ಬದುವಿಗೆ ತಲುಪಿಲ್ಲ.

ಹೆದರಬೇಕಾದ ಬೂಷ್ಟು ಕೊಯ್ಲಿನ ಹೊತ್ತಿಗೆ ಕಾಳಿಗೆ ಬರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಲಕ್ಷದ ಲೆಕ್ಕದಲ್ಲಿ ಸತ್ತಾಗ, ಅವುಗಳ ಮೇವಿಗೆ ಬೆರೆಸಿದ್ದ ಶೇಂಗಾ ಹಿಂಡಿಯಲ್ಲಿ ಒಂದು ವಿಷ ಪತ್ತೆಯಾಯಿತು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ತಯಾರಿಸುವ ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಬುಡಕಟ್ಟು ಹಳ್ಳಿಗಳಲ್ಲಿ, ಅಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನೇ ಉಂಡ ಕುಟುಂಬಗಳಿಗೆ ಕಾಮಾಲೆ ಬಂದು, ಹೊಟ್ಟೆಯಲ್ಲಿ ನೀರು ತುಂಬಿತು. ದಾಖಲಾದ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು. 1995ರಲ್ಲಿ ದಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು ಮತ್ತು ಭೇದಿ ಹಿಡಿಯಿತು; ಅದು ಇನ್ನೊಂದು ಶಿಲೀಂಧ್ರದ ಫ್ಯುಮೊನಿಸಿನ್ ಎಂಬ ವಿಷ. ಧಾರಾವಾಹಿಯ ಕಥೆ ಸೂಚಿಸಿದಂತೆ ಶಿಲೀಂಧ್ರ ಧಾನ್ಯದ ಮೂಲಕ ಬಂದದ್ದು ನಿಜ, ಆದರೆ ಅದು ಯಾರನ್ನೂ ಆಡಿಸಲಿಲ್ಲ, ಸದ್ದಿಲ್ಲದೆ ಯಕೃತ್ತನ್ನು ತಿಂದಿತು.

ದಾವಣಗೆರೆಯ ಮೆಕ್ಕೆಜೋಳ ಮತ್ತು ಚಳ್ಳಕೆರೆಯ ಶೇಂಗಾ ಎರಡೂ ಅಫ್ಲಾಟಾಕ್ಸಿನ್ ವಿಷಕ್ಕೆ ಪಕ್ಕಾಗುವ ಬೆಳೆಗಳು. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಶೇಂಗಾ ನೆಲದೊಳಗೇ ಸೋಂಕು ಹಿಡಿಯುತ್ತದೆ. ತೆನೆ ಮುರಿಯುವ ಹೊತ್ತಿಗೆ ಹಿಂಗಾರು ಸುರಿದರೆ ಮೆಕ್ಕೆಜೋಳ ರಾಶಿಯಲ್ಲೇ ಬಿಸಿಯೇರಿ ಬೂಷ್ಟು ಕಟ್ಟುತ್ತದೆ. ಬೂಷ್ಟನ್ನು ಒರೆಸಿದರೂ ವಿಷ ಕಾಳಿನಲ್ಲಿ ಉಳಿಯುತ್ತದೆ, ಬೇಯಿಸಿದರೆ ಪೂರ್ತಿ ಹೋಗುವುದಿಲ್ಲ. ಮನುಷ್ಯರಿಗೆ ಬೇಡವೆಂದು ದನಕ್ಕೆ ಹಾಕಿದರೆ ಹಾಲಿನ ಮೂಲಕ ಮಕ್ಕಳ ಬಟ್ಟಲಿಗೇ ಮರಳುತ್ತದೆ. ಧಾನ್ಯದಲ್ಲಿ ಕಿಲೋಗೆ 15 ಮೈಕ್ರೋಗ್ರಾಂಗಿಂತ ಹೆಚ್ಚು ಅಫ್ಲಾಟಾಕ್ಸಿನ್ ಇರಬಾರದೆಂಬ ಮಿತಿ ನಮ್ಮ ಆಹಾರ ನಿಯಮಗಳಲ್ಲಿದೆ, ಆದರೆ ಕಣದಲ್ಲಿ ನಿಂತ ರೈತ ಅದನ್ನು ಕಣ್ಣಿನಿಂದ ಅಳೆಯಲಾರ. ಅವನ ಕೈಯಲ್ಲಿರುವುದು ಕಾಳನ್ನು ತೇವಾಂಶ ಶೇಕಡಾ 14ಕ್ಕಿಂತ ಕೆಳಗಿಳಿಯುವಂತೆ ಒಣಗಿಸುವುದೊಂದೇ. ಅದಕ್ಕೆ ಬೇಕಾದ ಸಿಮೆಂಟಿನ ಕಣ ಮತ್ತು ಒಣಗಿಸುವ ಯಂತ್ರ ಮೆಕ್ಕೆಜೋಳ ಬೆಳೆಯುವ ಎಲ್ಲ ಊರುಗಳಿಗೂ ಬಂದಿಲ್ಲವಾದ್ದರಿಂದ, ಕೊಯ್ಲಿನ ದಿನಗಳಲ್ಲಿ ಹೆದ್ದಾರಿ ಪಕ್ಕದ ರಸ್ತೆಯೇ ಕಣವಾಗುತ್ತದೆ. ಮೋಡ ಕವಿದ ಕೂಡಲೇ ಮನೆಮಂದಿಯೆಲ್ಲ ತಾಡಪಾಲು ಹಿಡಿದು ಅಲ್ಲಿಗೆ ಓಡುತ್ತಾರೆ.