ಶಾಲೆ ದೂರ ಇದ್ದರೆ ಮಕ್ಕಳ ಆಟೊ ಖರ್ಚು ಸರ್ಕಾರ ಕೊಡುತ್ತಾ?

ಪ್ರಶ್ನೆ: ನಮ್ಮೂರ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಮಾತ್ರ ಇದೆ. ಮಗಳು ಆರಕ್ಕೆ ಪಕ್ಕದೂರಿಗೆ ಹೋಗಬೇಕು, ನಾಲ್ಕು ಕಿ.ಮೀ. ಆಗುತ್ತೆ. ಸ್ಕೂಲ್ ಟೈಮಿಗೆ ಬಸ್ ಇಲ್ಲ. ಆಟೊಗೆ ಕೊಡೋಕೆ ಸರ್ಕಾರದಿಂದ ಏನಾದ್ರೂ ಸಿಗುತ್ತಾ?
– ಮಂಡ್ಯ ಜಿಲ್ಲೆಯ ಓದುಗರೊಬ್ಬರು

ಉತ್ತರ: ಸಿಗುತ್ತದೆ. ಆದರೆ ತಾನಾಗಿ ಬರುವುದಿಲ್ಲ. ನಿಮ್ಮ ಮಗಳ ಹೆಸರು ಮೊದಲೇ ಪಟ್ಟಿಯಲ್ಲಿ ಇರಬೇಕು. ಹೆಚ್ಚಿನವರ ಕೈತಪ್ಪುವುದು ಇಲ್ಲೇ.

ಇದಕ್ಕೆ ಸಾರಿಗೆ ಭತ್ಯೆ ಅನ್ನುತ್ತಾರೆ. ಕೇಂದ್ರ 60, ರಾಜ್ಯ 40ರ ಲೆಕ್ಕದಲ್ಲಿ ದುಡ್ಡು ಹಾಕಿ ನಡೆಸುವ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಒಂದು ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ ಕೊಡಲು ಅವಕಾಶ ಇದೆ. ಇದರ ಹಿಂದೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ಒಂದರಿಂದ ಐದನೇ ಕ್ಲಾಸಿಗೆ 1 ಕಿ.ಮೀ., ಆರರಿಂದ ಎಂಟಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ಇಲ್ಲದಿದ್ದರೆ ಮಗು ಶಾಲೆ ತಲುಪುವ ಏರ್ಪಾಡು ಸರ್ಕಾರವೇ ಮಾಡಬೇಕು. ನಿಮ್ಮದು ನಾಲ್ಕು ಕಿ.ಮೀ., ಹಾಗಾಗಿ ನೀವು ಕೇಳುವುದು ಉಪಕಾರ ಅಲ್ಲ, ಹಕ್ಕು. ಹತ್ತಿರದ ಸರ್ಕಾರಿ ಶಾಲೆ ಬಿಟ್ಟು ದೂರದ್ದಕ್ಕೆ ಕಳಿಸಿದರೆ ಮಾತ್ರ ಇದು ಸಿಗುವುದಿಲ್ಲ.

ಪಟ್ಟಿಗೆ ಸೇರಿಸುವುದು ಹೇಗೆ? ಪ್ರತಿ ವರ್ಷ ಮುಂದಿನ ವರ್ಷದ ಯೋಜನೆ ಮೊದಲೇ ತಯಾರಾಗುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಕೇಳಿದರೆ 'ಈ ಸಲದ್ದು ಮುಗೀತು' ಅನ್ನುವ ಉತ್ತರ ಬರಬಹುದು. ಅದಕ್ಕೇ ಮಗು ಐದನೇ ಕ್ಲಾಸಿನಲ್ಲಿ ಇರುವಾಗಲೇ, ಡಿಸೆಂಬರ್ ಹೊತ್ತಿಗೆ, ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿ. ಒಬ್ಬರೇ ಹೋಗಬೇಡಿ. ನಿಮ್ಮೂರಿಂದ ಹೋಗುವ ಎಲ್ಲ ಮಕ್ಕಳ ಹೆಸರು, ಕ್ಲಾಸು, ನಡೆಯುವ ದಾರಿಯ ದೂರ ಬರೆದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇಡಿ. ಅದು ನಡಾವಳಿ ಪುಸ್ತಕಕ್ಕೆ ಬರಲಿ. ಆ ಪುಟದ ಜೆರಾಕ್ಸ್ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ಅದು ಅಲ್ಲೇ ಉಳಿಯುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ನೋಡಿಕೊಳ್ಳಿ.

ದುಡ್ಡು ಸಾಕಾಗುತ್ತಾ? ನನ್ನ ಪ್ರಕಾರ ಸಾಲದು. ವರ್ಷಕ್ಕೆ 220 ದಿನ ಶಾಲೆ ಅಂದುಕೊಂಡರೂ ದಿನಕ್ಕೆ 27 ರೂಪಾಯಿ ಆಗುತ್ತದೆ, ಅದೂ ಪೂರ್ತಿ 6,000 ಬಂದರೆ. ಊರಿನ ನಾಲ್ಕೈದು ಮನೆಯವರು ಸೇರಿ ಒಂದೇ ಆಟೊ ಗೊತ್ತು ಮಾಡಿಕೊಂಡರೆ ಮಾತ್ರ ಅದಕ್ಕೊಂದು ಅರ್ಥ. ಗಾಡಿಯೇ ಹೋಗದ ದಾರಿಗೆ ಬೆಂಗಾವಲಿನ ಅವಕಾಶವೂ ಇದೇ ಯೋಜನೆಯಲ್ಲಿದೆ, ಅಂದರೆ ದೊಡ್ಡವರೊಬ್ಬರು ಮಕ್ಕಳ ಜೊತೆ ಹೋಗಿ ಬರುವುದು. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಿಗೆ (ಆದಿವಾಸಿಗಳ ಊರುಗಳಿಗೆ) ಆಟೊಗಿಂತ ಇದೇ ಜಾಸ್ತಿ ಬೇಕು. ಅಂಗವಿಕಲ ಮಕ್ಕಳಿಗೂ ಸಾರಿಗೆ ಮತ್ತು ಬೆಂಗಾವಲು ಭತ್ಯೆ ಇದೆ.

ಬಸ್ ವಿಷಯಕ್ಕೆ ಬರೋಣ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಹುಡುಗರಿಗೆ ರಿಯಾಯಿತಿ ಪಾಸ್ ಇದೆ, ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಆದರೆ ಒಂಬತ್ತೂವರೆಗೆ ಬಸ್ಸೇ ಬರದಿದ್ದರೆ ಉಚಿತ ಟಿಕೆಟ್ ಇಟ್ಟುಕೊಂಡು ಏನು ಮಾಡೋದು, ಅಲ್ವಾ? ಮಕ್ಕಳ ಸಂಖ್ಯೆ ಮತ್ತು ಶಾಲೆಯ ವೇಳೆ ಬರೆದ ಮುಖ್ಯ ಶಿಕ್ಷಕರ ಪತ್ರ ಹಿಡಿದು ನಿಮ್ಮ ತಾಲ್ಲೂಕಿನ ಕೆಎಸ್‌ಆರ್‌ಟಿಸಿ ಡಿಪೊ ಮ್ಯಾನೇಜರನ್ನು ಕಾಣಿ. ಇರುವ ಬಸ್ಸಿನ ವೇಳೆ ಅರ್ಧ ಗಂಟೆ ಹಿಂದೆ ಮುಂದೆ ಮಾಡಿ ಅಂತ ಕೇಳುವುದು ಹೊಸ ಬಸ್ ಕೇಳುವುದಕ್ಕಿಂತ ಸುಲಭ.

ಇನ್ನು ರಸ್ತೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು. ಅವತ್ತು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿ ಇದ್ದರು. ನಾಲೆ ಪಕ್ಕದ ದಾರಿಗೆ ತಡೆಗೋಡೆ ಕಟ್ಟುವ ದುಡ್ಡೂ ಮಕ್ಕಳ ಶಾಲೆಯ ದುಡ್ಡೇ ಅಂತ ನಾನು ನಂಬುತ್ತೇನೆ. ಕಬ್ಬಿನ ಕಟಾವು ಶುರುವಾದ ಮೇಲೆ ನೋಡಿ. ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ಬರುತ್ತದೆ, ಜಲ್ಲೆಗಳು ಪಕ್ಕಕ್ಕೆ ಚಾಚಿರುತ್ತವೆ, ಬ್ಯಾಗ್ ಹೊತ್ತ ಮಕ್ಕಳು ಟಾರು ಬಿಟ್ಟು ಮುಳ್ಳುಗಿಡದ ಒಳಕ್ಕೆ ಸರಿದು ನಿಲ್ಲುತ್ತಾರೆ. ಅಂಥ ಜಾಗಗಳ ಫೋಟೊ ತೆಗೆದು ಗ್ರಾಮಸಭೆಯಲ್ಲಿ ಇಡಿ. ರಸ್ತೆ ಪಂಚಾಯಿತಿಯದ್ದೋ, ಲೋಕೋಪಯೋಗಿ ಇಲಾಖೆಯದ್ದೋ, ನೀರಾವರಿ ನಿಗಮದ್ದೋ ಅಂತ ಅಲ್ಲೇ ಕೇಳಿ ತಿಳಿದುಕೊಳ್ಳಿ, ಅರ್ಜಿ ಅವರಿಗೇ ಹೋಗಬೇಕು.

ಅರ್ಜಿ ಕೊಟ್ಟು ಎರಡು ಮೂರು ತಿಂಗಳಾದರೂ ಉತ್ತರ ಇಲ್ಲದಿದ್ದರೆ ಸೀಲು ಬಿದ್ದ ಪ್ರತಿ ಇಟ್ಟುಕೊಂಡು ಮಂಡ್ಯದ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರ) ಕಚೇರಿಗೆ ಹೋಗಿ. ಅಲ್ಲೂ ಆಗಲಿಲ್ಲ ಅಂದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಬರೆಯಬಹುದು. ಶಿಕ್ಷಣ ಹಕ್ಕಿನ ದೂರು ವಿಚಾರಿಸುವ ಅಧಿಕಾರ ಅದಕ್ಕಿದೆ.