ಪ್ರವಾಸಿಗರು ಹೆಚ್ಚಿದಷ್ಟೂ ಘಟ್ಟದ ಊರುಗಳಿಗೆ ಲಾಭವಲ್ಲವೇ?

ಪ್ರಶ್ನೆ: ಉತ್ತರ ಕನ್ನಡದ ಯಾಣದ ಬಂಡೆಗಳು, ಉಂಚಳ್ಳಿ ಜಲಪಾತದಂತಹ ತಾಣಗಳಿಗೆ ಜನ ಹೆಚ್ಚು ಬಂದಷ್ಟೂ ಊರಿನವರ ಕೈಗೆ ಹಣ ಸೇರುತ್ತದೆ. ಹೀಗಿರುವಾಗ ಸಂಖ್ಯೆಗೆ ಮಿತಿ ಏಕೆ?

ಉತ್ತರ: ಪ್ರತಿ ಮಳೆಗಾಲದಲ್ಲೂ ಇದೇ ಪ್ರಶ್ನೆ ಬರುತ್ತದೆ. ತಲೆ ಎಣಿಸಿ ಲಾಭದ ಲೆಕ್ಕ ಹಾಕುವ ನಂಬಿಕೆ ಇನ್ನೂ ಅಲುಗಾಡಿಲ್ಲವಾದ್ದರಿಂದ ಮತ್ತೊಮ್ಮೆ ವಿವರವಾಗಿ ಹೇಳುತ್ತೇನೆ.

ಭಾನುವಾರ ಹುಬ್ಬಳ್ಳಿಯಿಂದ ಹೊರಟ ಕಾರು ತಿಂಡಿ, ನೀರಿನ ಬಾಟಲಿಗಳನ್ನು ತುಂಬಿಕೊಂಡೇ ಬರುತ್ತದೆ, ಶಿರಸಿಯಲ್ಲಿ ಪೆಟ್ರೋಲ್ ಹಾಕಿಸಿಕೊಂಡು, ಉಂಚಳ್ಳಿಯಲ್ಲಿ ಒಂದೆರಡು ತಾಸು ನಿಂತು, ಸಂಜೆಗೆ ಮರಳುತ್ತದೆ. ಅಂತಹ ನೂರು ಕಾರುಗಳು ಬಂದರೂ ಜಲಪಾತಕ್ಕೆ ಹತ್ತಿರದ ಹೆಗ್ಗರಣೆಯ ಸುತ್ತಲಿನ ಮನೆಗಳಿಗೆ ಸಿಗುವುದು ಚಹಾದಂಗಡಿಯ ಚಿಲ್ಲರೆ; ಬಿದ್ದ ಬಾಟಲಿಗಳನ್ನು ಹೆಕ್ಕುವ ಹೊಣೆ ಮಾತ್ರ ಪೂರ್ತಿ ಪಂಚಾಯಿತಿಯದು. ಒಂದೇ ಒಂದು ಕುಟುಂಬ ಎರಡು ರಾತ್ರಿ ಹೋಂಸ್ಟೇಯಲ್ಲಿ ತಂಗಿದರೆ ಊಟದ ಅಕ್ಕಿ, ಹಾಲು, ಕೊಂಡೊಯ್ಯುವ ಅಪ್ಪೆಮಿಡಿ ಉಪ್ಪಿನಕಾಯಿ, ದಾರಿ ತೋರಿಸಿದವರ ಕೂಲಿ, ಎಲ್ಲದರ ಹಣವೂ ಊರಲ್ಲೇ ಉಳಿಯುತ್ತದೆ. ಆದ್ದರಿಂದ ತಂಗಿದ ರಾತ್ರಿಗಳನ್ನು ಲೆಕ್ಕ ಮಾಡಿ ಎಂದು ಕೇಳಿಕೊಳ್ಳುತ್ತಿದ್ದೇನೆ.

ಯಾಣದಲ್ಲಿ ಶಿವರಾತ್ರಿಗೆ ಹಿಂದಿನಿಂದಲೂ ಜನ ಸೇರುತ್ತಾರಲ್ಲ ಎಂದು ವಾದಿಸುವವರಿದ್ದಾರೆ. ಸೇರುತ್ತಾರೆ ನಿಜ, ಆದರೆ ಶಿವರಾತ್ರಿ ಬರುವುದು ನೆಲ ಒಣಗಿದ ಮೇಲೆ. ಈಗಿನ ದಟ್ಟಣೆ ಜುಲೈ, ಆಗಸ್ಟ್ ತಿಂಗಳ ವಾರಾಂತ್ಯಗಳದ್ದು. ಉಂಚಳ್ಳಿಯಲ್ಲಿ ಅಘನಾಶಿನಿ ನದಿ 116 ಮೀಟರ್ ಎತ್ತರದಿಂದ ತುಂಬಿ ಧುಮುಕುವ ಹೊತ್ತಿಗೇ ಕಾಲುದಾರಿಯ ಮಣ್ಣೂ ನೆನೆದು ಸಡಿಲಾಗಿರುತ್ತದೆ, ತುಳಿದಷ್ಟೂ ಕೊಚ್ಚಿಹೋಗುತ್ತದೆ. ಮೇಲಾಗಿ ಇದೇ ಕಣಿವೆಯ ಕಾಡು 2011ರಿಂದ ಸಿಂಗಳೀಕ ಕೋತಿಗಳ ಸಂರಕ್ಷಣಾ ಮೀಸಲು. ಮರದ ನೆತ್ತಿಯಲ್ಲೇ ಬದುಕುವ ಆ ಪ್ರಾಣಿಗೆ ಚಿಪ್ಸ್ ಎಸೆದು ರೂಢಿ ಮಾಡಿಸಿದರೆ ಅದು ರಸ್ತೆಗಿಳಿದು ವಾಹನಗಳಿಗೆ ಸಿಕ್ಕುತ್ತದೆ.

ಯಾರೂ ಕೇಳದಿದ್ದರೂ ರಸ್ತೆಯ ವಿಷಯ ಹೇಳಲೇಬೇಕು, ಏಕೆಂದರೆ ದಟ್ಟಣೆ ಹೆಚ್ಚಿದಾಗಲೆಲ್ಲ ಅಗಲೀಕರಣದ ಬೇಡಿಕೆ ಹಿಂದೆಯೇ ಬರುತ್ತದೆ. ನಮ್ಮ ಗುಡ್ಡಗಳ ಮೇಲ್ಪದರದ ಕೆಂಪುಕಲ್ಲು ಮಳೆನೀರನ್ನು ಒಳಗಿಳಿಸುತ್ತದೆ, ಅಡಿಯ ಜೇಡಿಮಣ್ಣು ಅದನ್ನು ಹಿಡಿದಿಟ್ಟುಕೊಂಡು ಮೆತ್ತಗಾಗುತ್ತದೆ. ಅಂತಹ ಇಳಿಜಾರಿನ ಬುಡ ಕಡಿದರೆ ಮೇಲಿನದೆಲ್ಲ ಜಾರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಜನ ಪ್ರಾಣ ಕಳೆದುಕೊಂಡದ್ದು ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿದೆ. ಕಾರುಗಳನ್ನು ಹೆಗ್ಗರಣೆಯಲ್ಲೇ ನಿಲ್ಲಿಸಿ, ಮುಂದಕ್ಕೆ ಊರಿನವರದೇ ಟೆಂಪೋಗಳಲ್ಲಿ ಕರೆದೊಯ್ದರೆ ಗುಡ್ಡ ಕಡಿಯುವ ಅಗತ್ಯವೇ ಬೀಳುವುದಿಲ್ಲ. ಚಾರಣದ ಹಾದಿಗಳಿಗೆ ಅರಣ್ಯ ಇಲಾಖೆ 2024ರಲ್ಲಿ ತಂದ ಆನ್‌ಲೈನ್ ಬುಕಿಂಗನ್ನು ಜಲಪಾತಗಳಿಗೂ ವಿಸ್ತರಿಸಿ, ಶುಲ್ಕದ ಹಣವನ್ನು ಗ್ರಾಮ ಅರಣ್ಯ ಸಮಿತಿಗಳಲ್ಲೇ ಉಳಿಸಿದರೆ, ಹಾದಿ ಕಾಯುವ ಹುಡುಗರಿಗೆ ಮಳೆಗಾಲವಿಡೀ ಸಂಬಳ ಕೊಡಬಹುದು.